ಕುದಿಯಿತು, ಬೇಯಲಿಲ್ಲ

ಹಿಮಾಲಯದ ಚಾರಣಕ್ಕೆ ಹೊರಡುವವರ ಬೆನ್ನುಚೀಲದಲ್ಲಿ ಈಚೆಗೆ ಟೈಟಾನಿಯಂ ಪಾತ್ರೆಗಳು ಕಾಣಿಸತೊಡಗಿವೆ. ಪಾತ್ರೆ ಹಗುರ, ಬೆಲೆ ಭಾರ. ಅಷ್ಟು ದುಡ್ಡು ಸುರಿಯಬೇಕೆ, ಮನೆಯಲ್ಲಿರುವ ಅಲ್ಯೂಮಿನಿಯಂ ಪಾತ್ರೆ ಸಾಲದೆ ಎಂದು ಹೊಸ ಚಾರಣಿಗರು ಮತ್ತೆ ಮತ್ತೆ ಕೇಳುತ್ತಾರೆ. ಪಾತ್ರೆಯ ಬಗೆಗಿನ ಇಂಥದೊಂದು ಚರ್ಚೆ ಸುಮಾರು 190 ವರ್ಷಗಳ ಹಿಂದೆ ಆಂಡೀಸ್ ಪರ್ವತದ ಮೇಲೆ ನಡೆದಿತ್ತು.

ಅದು 1835ರ ಮಾರ್ಚ್. ಇಪ್ಪತ್ತಾರರ ಹರೆಯದ ಚಾರ್ಲ್ಸ್ ಡಾರ್ವಿನ್ ಚಿಲಿಯ ಸಾಂಟಿಯಾಗೊದಿಂದ ಹೇಸರಗತ್ತೆಗಳ ಮೇಲೆ ಸಾಮಾನು ಹೇರಿಕೊಂಡು ಪರ್ವತ ದಾಟಿ ಮೆಂಡೋಸಾದ ಕಡೆಗೆ ಹೊರಟಿದ್ದ. ಎತ್ತರದ ಬಿಡಾರವೊಂದರಲ್ಲಿ ಜೊತೆಗಾರರು ಆಲೂಗಡ್ಡೆ ಬೇಯಲಿಟ್ಟರು. ನೀರೇನೋ ಕುದಿಯಿತು. ಗಂಟೆಗಟ್ಟಲೆ ಕುದಿಯಿತು. ಗಡ್ಡೆ ಮಾತ್ರ ಮೆತ್ತಗಾಗಲಿಲ್ಲ. ರಾತ್ರಿಯಿಡೀ ಪಾತ್ರೆಯನ್ನು ಒಲೆಯ ಮೇಲೆಯೇ ಬಿಟ್ಟು, ಬೆಳಿಗ್ಗೆ ಮತ್ತೆ ಕುದಿಸಿದರೂ ಗಡ್ಡೆ ಗಟ್ಟಿಯಾಗಿಯೇ ಇತ್ತು. ಏಕೆ ಹೀಗಾಯಿತೆಂದು ಇಬ್ಬರು ಸಂಗಡಿಗರು ಮಾತಾಡಿಕೊಳ್ಳುತ್ತಿದ್ದುದು ಡಾರ್ವಿನ್ನನ ಕಿವಿಗೆ ಬಿತ್ತು. ಅವರ ತೀರ್ಮಾನ ಸರಳವಾಗಿತ್ತು: ಪಾತ್ರೆ ಹೊಸದು, ಅದಕ್ಕೆ ಆಲೂಗಡ್ಡೆ ಬೇಯಿಸುವ ಮನಸ್ಸಿಲ್ಲ.

ದೋಷ ಪಾತ್ರೆಯದಲ್ಲ, ಗಾಳಿಯ ಒತ್ತಡದ್ದು ಎಂಬುದು ಡಾರ್ವಿನ್ನನಿಗೆ ಗೊತ್ತಿತ್ತು. ಮೇಲೇರಿದಂತೆ ಗಾಳಿಯ ಒತ್ತಡ ಇಳಿಯುತ್ತದೆ. ಒತ್ತಡ ಇಳಿದಂತೆ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ. ಸುಮಾರು 300 ಮೀಟರಿಗೆ ಒಂದು ಡಿಗ್ರಿ ಎಂದು ಲೆಕ್ಕ ಹಾಕಬಹುದು. ಮಂಗಳೂರಿನ ಕಡಲ ತೀರದಲ್ಲಿ 100 ಡಿಗ್ರಿಗೆ ಕುದಿಯುವ ನೀರು ಬೆಂಗಳೂರಿನಲ್ಲಿ ಸುಮಾರು 97ಕ್ಕೆ, ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ 94ರ ಹತ್ತಿರ, 3,500 ಮೀಟರ್ ಎತ್ತರದ ಲೇಹ್‌ನಲ್ಲಿ 88ಕ್ಕೆ ಕುದಿಯುತ್ತದೆ. ಅಲ್ಲಿ ಉರಿ ಎಷ್ಟು ಜೋರು ಮಾಡಿದರೂ ನೀರು ಬೇಗ ಆವಿಯಾಗಿ ಹೋಗುತ್ತದೆಯೇ ಹೊರತು ಅದರ ಬಿಸಿ ಏರದು. ಕುದಿಯುವುದು ನೀರಿನ ಕೆಲಸ, ಬೇಯುವುದು ಕಾಳಿನ ಕೆಲಸ. ಬೇಳೆಯೋ ಗಡ್ಡೆಯೋ ಮೆತ್ತಗಾಗಬೇಕಾದರೆ ಅದರ ಜೀವಕೋಶಗಳನ್ನು ಹಿಡಿದಿಟ್ಟ ಪೆಕ್ಟಿನ್ ಎಂಬ ಅಂಟು ಕರಗಬೇಕು. ಬಿಸಿ ಹತ್ತು ಡಿಗ್ರಿ ಇಳಿದರೂ ಆ ಕೆಲಸ ತೀರಾ ನಿಧಾನವಾಗುತ್ತದೆ.

ಇದಕ್ಕೆ ಮದ್ದು ಡಾರ್ವಿನ್ನನ ಕಾಲಕ್ಕಾಗಲೇ ಹಳೆಯದು. ಫ್ರಾನ್ಸಿನ ಡೆನಿಸ್ ಪಾಪಿನ್ 1679ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಬಿಗಿ ಮುಚ್ಚಳದ ಪಾತ್ರೆಯೊಂದನ್ನು ತಂದಿಟ್ಟಿದ್ದ. ಅದರಲ್ಲಿ ಮೂಳೆಯೂ ಮೆತ್ತಗಾಗುತ್ತಿತ್ತು. ನಮ್ಮ ಅಡುಗೆಮನೆಯ ಕುಕ್ಕರ್ ಅದರದೇ ವಂಶ. ಕುಕ್ಕರಿನ ತೂಕ ಹೊರಗಿನ ಗಾಳಿಯ ಒತ್ತಡದ ಮೇಲೆ ಇನ್ನೊಂದು ವಾಯುಮಂಡಲದಷ್ಟು ಒತ್ತಡವನ್ನು ಸೇರಿಸುತ್ತದೆ. ಹಾಗಾಗಿ ಲೇಹ್‌ನಲ್ಲೂ ಒಳಗಿನ ನೀರು 114 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ನಾಲ್ಕೈದು ಜನ ಎತ್ತರದಲ್ಲಿ ಅನ್ನ, ಬೇಳೆ ಬೇಯಿಸುವುದಿದ್ದರೆ ಎರಡು ಲೀಟರಿನ ಅಲ್ಯೂಮಿನಿಯಂ ಕುಕ್ಕರ್ ಹೊರುವುದು ಖಂಡಿತ ದಂಡವಲ್ಲ. ಅದರ ತೂಕ ಉಳಿದ ಇಂಧನದಲ್ಲಿ ವಸೂಲಾಗುತ್ತದೆ.

ಇನ್ನು ಟೈಟಾನಿಯಂ. ಅದು ಎಲ್ಲಕ್ಕಿಂತ ಹಗುರವಾದ ಲೋಹವೆಂದು ಬಹಳ ಮಂದಿ ನಂಬಿದ್ದಾರೆ, ಅದು ನಿಜವಲ್ಲ. ಒಂದು ಘನ ಸೆಂಟಿಮೀಟರ್ ಟೈಟಾನಿಯಂ 4.5 ಗ್ರಾಂ ತೂಗಿದರೆ ಅಷ್ಟೇ ಅಲ್ಯೂಮಿನಿಯಂ ತೂಗುವುದು 2.7 ಗ್ರಾಂ. ಟೈಟಾನಿಯಂ ಬಲವಾದದ್ದು, ಅದಕ್ಕೇ ಪಾತ್ರೆಯನ್ನು ಕಾಗದದಂತೆ ತೆಳ್ಳಗೆ ಮಾಡಬಹುದು. ಗುಟ್ಟು ಇರುವುದು ಅಲ್ಲಿ. ಆದರೆ ಬಿಸಿಯನ್ನು ಹರಡುವುದರಲ್ಲಿ ಅಲ್ಯೂಮಿನಿಯಂ ಅದಕ್ಕಿಂತ ಸುಮಾರು ಹತ್ತು ಪಟ್ಟು ಮುಂದಿದೆ. ತೆಳು ಟೈಟಾನಿಯಂ ತಳದಲ್ಲಿ ಉರಿ ತಾಗಿದ ಜಾಗ ಕೆಂಡವಾಗುತ್ತದೆ, ಪಕ್ಕದ ಜಾಗ ತಣ್ಣಗೇ ಇರುತ್ತದೆ. ನೀರು ಕಾಯಿಸಿ ಒಣ ಆಹಾರದ ಪೊಟ್ಟಣಕ್ಕೆ ಸುರಿಯುವವರಿಗೆ ಇದರಿಂದ ತೊಂದರೆಯಿಲ್ಲ, ಏಕೆಂದರೆ ನೀರು ತಾನೇ ಮೇಲೆ ಕೆಳಗೆ ಸುತ್ತಿ ಬಿಸಿ ಹಂಚಿಕೊಳ್ಳುತ್ತದೆ. ಒಗ್ಗರಣೆ ಹಾಕಿ ರವೆ ಹುರಿದು ಉಪ್ಪಿಟ್ಟು ಮಾಡುವವರಿಗೆ ಅದು ಸಲ್ಲದು, ಅಡಿ ಹಿಡಿಯುತ್ತದೆ. ನಮ್ಮ ಅಡುಗೆಗೆ ಅಗಲ ತಳದ, ಬಿಗಿ ಮುಚ್ಚಳದ ಅಲ್ಯೂಮಿನಿಯಂ ಪಾತ್ರೆಯೇ ಮೇಲು.

ಕುಡಿಯುವ ಲೋಟದ ವಿಷಯದಲ್ಲಿ ಲೆಕ್ಕ ತಿರುವುಮುರುವು. ಬಿಸಿಯನ್ನು ಬೇಗ ಸಾಗಿಸುವ ಅಲ್ಯೂಮಿನಿಯಂ ಅಂಚು ತುಟಿ ಸುಡುತ್ತದೆ. ಸ್ಟೀಲು ಬಿಸಿ ಸಾಗಿಸುವುದರಲ್ಲಿ ಟೈಟಾನಿಯಮ್ಮಿಗಿಂತಲೂ ಮಂದ. ಕಾಫಿಗೆ ನಮ್ಮ ಅಂಚು ಮಡಿಸಿದ ಸ್ಟೀಲ್ ಲೋಟವೇ ಒಳ್ಳೆಯದು. ತಟ್ಟೆಯ ಬದಲು ಮುತ್ತುಗದ ಎಲೆ ಒಯ್ದರೆ ತೊಳೆಯುವ ನೀರೂ ಉಳಿಯುತ್ತದೆ.

ನೀರಿಲ್ಲದ ಕಡೆ ಒಲೆಯೇ ಬಾವಿ. ಸೊನ್ನೆ ಡಿಗ್ರಿಯ ಒಂದು ಕಿಲೋ ಹಿಮವನ್ನು ಬರಿದೆ ಕರಗಿಸಲು ಬೇಕಾಗುವ ಶಾಖದಲ್ಲಿ ಅಷ್ಟೇ ನೀರನ್ನು ಸೊನ್ನೆಯಿಂದ 80 ಡಿಗ್ರಿಗೆ ಕಾಯಿಸಬಹುದು. ಆದ್ದರಿಂದ ಹಿಮದ ನಾಡಿಗೆ ಹೋಗುವವರು ಪಾತ್ರೆಗಿಂತ ಮೊದಲು ಇಂಧನ ನೋಡಬೇಕು. ಬ್ಯೂಟೇನ್ ಮಾತ್ರ ತುಂಬಿದ ಗ್ಯಾಸ್ ಡಬ್ಬಿ ಅಲ್ಲಿ ಕೈಕೊಡುತ್ತದೆ. ಬ್ಯೂಟೇನ್ ಅನಿಲವಾಗಲು ಡಬ್ಬಿಯ ಬಿಸಿ ಸೊನ್ನೆಗಿಂತ ಮೇಲಿರಬೇಕು. ಪ್ರೊಪೇನ್ ಬೆರೆತ ಡಬ್ಬಿಯಾದರೆ ಚಳಿಯಲ್ಲೂ ಉರಿಯುತ್ತದೆ, ಪ್ರೊಪೇನ್ ಮೈನಸ್ 42 ಡಿಗ್ರಿಯಲ್ಲೇ ಕುದಿಯುವಂಥದ್ದು. ಯಾವ ಒಲೆಯನ್ನೇ ಆಗಲಿ, ಮುಚ್ಚಿದ ಡೇರೆಯೊಳಗೆ ಹಚ್ಚಬಾರದು. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಅದು ನಿದ್ದೆಯಲ್ಲೇ ಕೊಲ್ಲುತ್ತದೆ.

ಒಲೆಯ ಬೆಲೆ ಎಷ್ಟೆಂದು ತೇನ್‌ಸಿಂಗ್ ನೋರ್ಗೆಗೆ ಚೆನ್ನಾಗಿ ಗೊತ್ತಿತ್ತು. 1952ರ ಮೇ ತಿಂಗಳಲ್ಲಿ ಸ್ವಿಸ್ ತಂಡದ ರೇಮಂಡ್ ಲ್ಯಾಂಬರ್ಟ್ ಜೊತೆ ಎವರೆಸ್ಟಿನ ಎತ್ತರದ ಡೇರೆಯಲ್ಲಿ ಒಲೆಯಿಲ್ಲದೆ ಒಂದು ರಾತ್ರಿ ಕಳೆದಾಗ, ಇಬ್ಬರೂ ಮೇಣದಬತ್ತಿಯ ಮೇಲೆ ಖಾಲಿ ಡಬ್ಬಿ ಹಿಡಿದು ಹಿಮ ಕರಗಿಸಿದ್ದರು. ಸಿಕ್ಕಿದ್ದು ಗುಟುಕು ನೀರು. ಮರುದಿನ ಶಿಖರ ಮುಟ್ಟದೆ ಹಿಂದಿರುಗಿದರು. ಮರುವರ್ಷ ಬಂದ ಬ್ರಿಟಿಷ್ ತಂಡದಲ್ಲಿ ಗ್ರಿಫಿತ್ ಪ್ಯೂ ಎಂಬ ಶರೀರಶಾಸ್ತ್ರಜ್ಞನಿದ್ದ. ಎತ್ತರದಲ್ಲಿ ಏದುಸಿರಿನೊಂದಿಗೇ ದೇಹದ ನೀರು ಹೊರಟುಹೋಗುತ್ತದೆ, ಹೊಟ್ಟೆ ತುಂಬ ಕುಡಿಯಲೇಬೇಕು, ಅದಕ್ಕೆ ತಕ್ಕ ಒಲೆಯೂ ಬೇಕು ಎಂದು ಅವನು ಪಟ್ಟು ಹಿಡಿದ. 1953ರ ಮೇ 28ರ ರಾತ್ರಿ ಸುಮಾರು 8,500 ಮೀಟರ್ ಎತ್ತರದ ಡೇರೆಯಲ್ಲಿ ತೇನ್‌ಸಿಂಗ್ ಮತ್ತು ಎಡ್ಮಂಡ್ ಹಿಲರಿ ಒಲೆ ಹಚ್ಚಿ, ಹಿಮ ಕರಗಿಸಿ, ಸಕ್ಕರೆ ಬೆರೆಸಿದ ನಿಂಬೆ ಪಾನಕವನ್ನು ಬಿಸಿಬಿಸಿಯಾಗಿ ಯಥೇಚ್ಛ ಕುಡಿದರು. ಬೆಳಿಗ್ಗೆ ಎದ್ದಾಗ ಹಿಲರಿಯ ಬೂಟುಗಳು ಸೆಟೆದು ಕಲ್ಲಾಗಿದ್ದವು. ಅವನ್ನೂ ಅದೇ ಒಲೆಯ ಮೇಲೆ ಹಿಡಿದು ಮೆತ್ತಗೆ ಮಾಡಿಕೊಂಡು ಇಬ್ಬರೂ ಆರೂವರೆಗೆ ಶಿಖರದತ್ತ ಹೊರಟರು.