ಸಂಘದ ಬಂಡವಾಳ ಯಾವುದು?

ಸಹಕಾರಿ ಪತ್ತಿನ ಸಂಘಗಳ ಕಾಯದೆಯು 1904ರಲ್ಲಿ ಬಂದಿತು. ಮರುವರ್ಷವೇ ಗದಗಿನ ಸಮೀಪದ ಕಣಗಿನಹಾಳದಲ್ಲಿ ಶ್ರೀ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ರೈತರ ಪತ್ತಿನ ಸಂಘವೊಂದು ಹುಟ್ಟಿತು. ಕನ್ನಡಿಗರು ಅಭಿಮಾನಪಡತಕ್ಕ ಈ ಸಂಗತಿಯನ್ನು ವಾಚಕರು ಬಲ್ಲರು. ಆದರೆ ಆ ಕಾಲದ ಹಳ್ಳಿಯ ಸಂಘಗಳು ಯಾವ ಅಡಿಗಲ್ಲಿನ ಮೇಲೆ ನಿಂತಿದ್ದವೆಂಬುದನ್ನು ನಾವು ಮರೆಯುತ್ತ ಬಂದಿದ್ದೇವೆ.

ಜರ್ಮನಿಯ ರೈಫೈಸೆನ್ನನ ಪದ್ಧತಿಯನ್ನನುಸರಿಸಿ, ಹಳ್ಳಿಯ ಸಂಘದ ಸದಸ್ಯರ ಹೊಣೆಯು ಸಾಮಾನ್ಯವಾಗಿ ಅಪರಿಮಿತವಾಗಿರತಕ್ಕದ್ದೆಂದು ಕಾಯದೆಯು ವಿಧಿಸಿತ್ತು. ಸಂಘವು ಮುಳುಗಿದರೆ ಅದರ ಸಾಲಕ್ಕೆ ಪ್ರತಿಯೊಬ್ಬನ ಹೊಲಮನೆಯೂ ಹೊಣೆ. ಆದಕಾರಣ ಸಾಲ ಕೇಳುವವನು ಬೀಜಕ್ಕಾಗಿ ಕೇಳುವನೋ, ಮದುವೆಯ ಆಡಂಬರಕ್ಕಾಗಿ ಕೇಳುವನೋ ಎಂಬುದನ್ನು ನೆರೆಯವನು ವಿಚಾರಿಸಲೇಬೇಕಾಯಿತು. ಬಡವನ ನಡತೆಯೇ ಅವನ ಅಡವಾಯಿತು. ಮನೆ ಕಟ್ಟುತ್ತಲೇ ಗೌಂಡಿಯಾಗುವಂತೆ, ನ್ಯಾಯದ ಕೆಲಸಗಳನ್ನು ಮಾಡುತ್ತಲೇ ಮನುಷ್ಯನು ನ್ಯಾಯವಂತನಾಗುವನೆಂಬುದು ಅರಿಸ್ಟಾಟಲನ ಮತ. ಆ ನಿಯಮವು ಶೀಲವನ್ನು ರೂಢಿಸುವ ಗರಡಿಯಾಗಿತ್ತು.

ಅದರಲ್ಲಿ ದೋಷವೇ ಇರಲಿಲ್ಲವೆಂದು ನಾವು ಹೇಳುವುದಿಲ್ಲ. ನಡತೆಯನ್ನು ಅಳೆಯುವವರು ಊರ ಪ್ರಮುಖರೇ ಆದಲ್ಲಿ, ಹೊಲವಿಲ್ಲದವನ ಪ್ರಾಮಾಣಿಕತನವು ತಕ್ಕಡಿಯನ್ನೇ ಏರದೆ ಉಳಿಯುವ ಭಯವುಂಟು.

ಹಾಗಾದರೆ ಶೀಲದ ಮಾತನ್ನು ಬಿಟ್ಟು, ಬಿಗಿಯಾದ ಕಟ್ಟಳೆಯನ್ನೂ ಲೆಕ್ಕತಪಾಸಣೆಯನ್ನೂ ನಂಬೋಣವೆಂದು ಕೆಲವರು ಅನ್ನುವರು. ತಪಾಸಣೆಯು ಅವಶ್ಯವೇ ಸರಿ. ಆದರೆ ಅದು ನೋಡುವುದು ಬರೆದಿಟ್ಟ ಅಂಕಿಗಳನ್ನು. ಹಳೆಯ ಸಾಲವನ್ನು ಹೊಸ ಸಾಲದಿಂದ ತೀರಿಸಿದಂತೆ ಬರೆದಾಗ ಅಂಕಿಗಳು ನೆಟ್ಟಗಿರುತ್ತವೆ, ಸಂಘವು ಒಳಗೊಳಗೇ ಟೊಳ್ಳಾಗುತ್ತದೆ. ತತ್ತ್ವಜ್ಞ ಆಲಸ್ಡೇರ್ ಮ್ಯಾಕಿಂಟೈರರು 1981ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ರೋಗದ ಮೂಲವನ್ನು ತೋರಿಸಿದ್ದಾರೆ. ಜನರು ಕೂಡಿ ಮಾಡುವ ಕಾರ್ಯವು ಉಳಿಯಬೇಕಾದರೆ ಸಂಸ್ಥೆಯ ಆಶ್ರಯ ಬೇಕು. ಸಂಸ್ಥೆಗೆ ಹಣ, ಅಧಿಕಾರ, ಸ್ಥಾನಮಾನಗಳು ಬೇಕು. ಅವುಗಳ ಆಸೆಯೇ ಕಾರ್ಯವನ್ನು ಕೆಡಿಸಹತ್ತುತ್ತದೆ. ಅದನ್ನು ತಡೆಯಬಲ್ಲವು ನ್ಯಾಯ, ಧೈರ್ಯ, ಸತ್ಯನಿಷ್ಠೆಗಳು.

ಧೈರ್ಯವು ರಣರಂಗದಲ್ಲಿಯೇ ಬೇಕಾಗುವ ಗುಣವಲ್ಲ. ವಾರ್ಷಿಕ ಸಭೆಯಲ್ಲಿ ವರದಿಯನ್ನೋದಿ 'ಮಂಜೂರು' ಎಂಬ ಕೂಗು ಏಳುವ ಮೊದಲು ಎದ್ದು ನಿಂತು, ಬಾಕಿದಾರರ ಪಟ್ಟಿಯಲ್ಲಿ ಆಡಳಿತ ಮಂಡಳಿಯವರ ಹೆಸರುಗಳೆಷ್ಟು ಎಂದು ಕೇಳುವುದೂ ಧೈರ್ಯವೇ. ಕೇಳಿದವನನ್ನು ಗದರಿಸಿ ಕುಳ್ಳಿರಿಸದೆ ಉತ್ತರ ಕೊಡಿಸುವುದು ಅಧ್ಯಕ್ಷರ ನ್ಯಾಯ. ಕಂಡದ್ದನ್ನು ಕಂಡಂತೆ ಬರೆಯುವುದು ಅಧಿಕಾರಿಯ ಸತ್ಯನಿಷ್ಠೆ. ನಮ್ಮ ವಾಚಕರಲ್ಲಿ ಯಾವುದಾದರೊಂದು ಸಂಘದ ಸದಸ್ಯರಾದವರು ಅನೇಕರಿದ್ದಾರೆ. ಮುಂದಿನ ವಾರ್ಷಿಕ ಸಭೆಗೆ ಅವರು ಚಹಾ-ಫಳಾರಕ್ಕಾಗಿ ಅಲ್ಲ, ಒಂದು ಪ್ರಶ್ನೆಯನ್ನು ಹೊತ್ತುಕೊಂಡು ಹೋಗಲಿ. ಷೇರಿನ ಹಣಕ್ಕಿಂತ ಮೊದಲು ತುಂಬಬೇಕಾದ ಬಂಡವಾಳವು ಅದೇ.