ಕೊಟ್ಟ ಷೇರು ಕೈಗೇಕೆ ಬರುವುದಿಲ್ಲ?

ದೊಡ್ಡ ಟೆಕ್ ಕಂಪನಿಗಳು ಸಂಬಳದ ಜೊತೆಗೆ ಲಕ್ಷಾಂತರ ರೂಪಾಯಿಯ ಷೇರು ಕೊಡುತ್ತವಂತೆ. ಅದು ಪೂರ್ತಿ ಕೈಗೆ ಬರಲು ನಾಲ್ಕು ವರ್ಷ ಕಾಯಬೇಕೇಕೆ?

ಕೆಲಸಕ್ಕೆ ಸೇರುವಾಗ ಕಂಪನಿ ಕೊಡುವುದು ಷೇರನ್ನಲ್ಲ, ಷೇರು ಕೊಡುವ ಮಾತನ್ನು. ಆ ಮಾತು ಕಂತುಕಂತಾಗಿ ನೆರವೇರುತ್ತದೆ. ಕಂತಿನ ದಿನ ನೀವು ಕೆಲಸದಲ್ಲಿದ್ದರೆ ಅಷ್ಟು ಷೇರು ನಿಮ್ಮದು. ಹಿಂದಿನ ದಿನ ಬಿಟ್ಟಿರೋ, ಉಳಿದದ್ದೆಲ್ಲ ಕಂಪನಿಗೇ. ಅಮೆಜಾನ್ ಬಹುಕಾಲ ಅನುಸರಿಸಿದ ಲೆಕ್ಕದಲ್ಲಿ ಮೊದಲ ವರ್ಷ ಶೇ. 5, ಎರಡನೆಯ ವರ್ಷ ಶೇ. 15, ಮಿಕ್ಕ ಶೇ. 80 ಕೊನೆಯ ಎರಡು ವರ್ಷಗಳಲ್ಲಿ. ನುರಿತವರು ಬೇಗ ಬಿಟ್ಟುಹೋಗದಿರಲಿ ಎಂಬುದೇ ಉದ್ದೇಶ.

ಹಾಗಾದರೆ ನಾಲ್ಕು ವರ್ಷ ಮುಗಿಸಿ ಹೊರಡಬಹುದಲ್ಲ? ಬಿಗಿ ಇರುವುದು ಅಲ್ಲೇ. ಅಡಿಕೆ ತೋಟದಲ್ಲಿ ಹಳೆ ಮರಗಳ ನಡುವೆ ಎಡೆಸಸಿ ನೆಡುತ್ತಾ ಹೋಗುತ್ತಾರಲ್ಲ, ಹಾಗೆ ಕಂಪನಿಯೂ ಸಾಮಾನ್ಯವಾಗಿ ವರ್ಷವರ್ಷ ಹೊಸ ಷೇರಿನ ಮಾತು ಕೊಡುತ್ತದೆ. ಯಾವಾಗ ನೋಡಿದರೂ ಫಸಲಿಗೆ ಬರದ ಒಂದಷ್ಟು ಗಿಡ ಉಳಿದೇ ಇರುತ್ತವೆ. ತೋಟ ಬಿಟ್ಟು ಹೋಗಲು ಮನಸ್ಸು ಬಾರದು. ಕೆಲಸ ಬೇಸರ ತಂದಮೇಲೂ ಅನೇಕರು ಮುಂದಿನ ಕಂತಿಗಾಗಿ ಉಳಿಯುವುದು ಇದರಿಂದಲೇ. ಈ ವ್ಯವಸ್ಥೆಯ ನಿಜವಾದ ಕೊರತೆ ಇದೆಂದು ನನಗನ್ನಿಸುತ್ತದೆ.

ಲಾಭವೇನೂ ಸಣ್ಣದಲ್ಲ. 1990ರ ದಶಕದಲ್ಲಿ ಇನ್ಫೊಸಿಸ್ ನೌಕರರಿಗೆ ಷೇರಿನ ಪಾಲು ಕೊಟ್ಟಾಗ ಎಷ್ಟೋ ಮಧ್ಯಮ ವರ್ಗದ ಮನೆಗಳ ಸ್ಥಿತಿಯೇ ಬದಲಾಯಿತು. ಆದರೆ ಬೆಲೆ ನಮ್ಮ ಹಿಡಿತದಲ್ಲಿಲ್ಲ. 2022ರಲ್ಲಿ ಮೆಟಾ ಷೇರು ತನ್ನ ಬೆಲೆಯ ಶೇ. 60ಕ್ಕೂ ಹೆಚ್ಚು ಕಳೆದುಕೊಂಡಿತ್ತು. ಕೈಗೆ ಬಂದ ಷೇರಿನಲ್ಲಿ ಒಂದು ಪಾಲನ್ನು ಆಗಾಗ ಮಾರಿ ಬೇರೆಡೆ ತೊಡಗಿಸುವುದು ಕ್ಷೇಮ. ತೆರಿಗೆಯನ್ನೂ ನೆನಪಿಡಿ: ಭಾರತದಲ್ಲಿ ಷೇರು ಕೈಸೇರಿದ ದಿನದ ಬೆಲೆಯನ್ನು, ನೀವು ಮಾರದಿದ್ದರೂ, ಸಂಬಳವೆಂದೇ ಎಣಿಸುತ್ತಾರೆ.