ಹಳೇ ಅಂಬಾಸಿಡರ್‌ಗೆ ಬೇರೆ ಎಂಜಿನ್: ಶಾಫ್ಟ್ ಕತ್ತರಿಸಿ ವೆಲ್ಡಿಂಗ್ ಮಾಡಿಸಿದರೆ ಸಾಕೇ?

ಸಾಲದು. ಅಂಬಾಸಿಡರ್‌ನಲ್ಲಿ ಎಂಜಿನ್ ಮುಂದಿದ್ದರೂ ಕಾರನ್ನು ತಳ್ಳುವುದು ಹಿಂದಿನ ಚಕ್ರಗಳು. ಗೇರ್‌ಬಾಕ್ಸ್‌ನಿಂದ ಅಲ್ಲಿಗೆ ಶಕ್ತಿ ಒಯ್ಯುವುದು ಕಾರಿನಡಿಯ ಪ್ರೊಪೆಲ್ಲರ್ ಶಾಫ್ಟ್. ಎಂಜಿನ್ ಜೊತೆ ಗೇರ್‌ಬಾಕ್ಸ್ ಕೂಡ ಬದಲಾದರೆ ಹಳೇ ಶಾಫ್ಟ್‌ನ ಉದ್ದ ಸಾಮಾನ್ಯವಾಗಿ ಹೊಂದುವುದಿಲ್ಲ.

ಟಾಪ್ ಗೇರ್ 1:1 ಆಗಿದ್ದರೆ, ಎಂಜಿನ್ 3000 ಆರ್‌ಪಿಎಂನಲ್ಲಿರುವಾಗ ಶಾಫ್ಟ್ ಸೆಕೆಂಡಿಗೆ 50 ಸುತ್ತು ತಿರುಗುತ್ತದೆ. ಬೆಸುಗೆ ತುಸು ವಾರೆಯಾದರೂ ಕಾರು ನಡುಗುತ್ತದೆ, ಯೂನಿವರ್ಸಲ್ ಜಾಯಿಂಟ್ ಬೇಗ ಸವೆಯುತ್ತದೆ. ಓಡುವಾಗ ಶಾಫ್ಟ್‌ನ ಮುಂದಿನ ತುದಿ ಕಳಚಿ ರಸ್ತೆಗೆ ತಾಗಿದರೆ ಜೀವಕ್ಕೇ ಅಪಾಯ.

ಹಾಗಾದರೆ ಏನು ಮಾಡಬೇಕು? ಹೊಸ ಗೇರ್‌ಬಾಕ್ಸ್ ಕೂರಿಸಿ, ಕಾರಿನ ಭಾರ ಚಕ್ರಗಳ ಮೇಲಿರುವಾಗಲೇ ಅಳತೆ ತೆಗೆಸಿ. ಬ್ಯಾಲೆನ್ಸಿಂಗ್ ಯಂತ್ರವಿರುವ ಕಡೆಯಲ್ಲೇ ಶಾಫ್ಟ್ ಮಾಡಿಸಿ. ಎಂಜಿನ್ ಬದಲಿಸುವ ಮೊದಲು ಆರ್‌ಟಿಒ ಅನುಮತಿ ಪಡೆಯುವುದನ್ನು ಮರೆಯಬೇಡಿ.